ಕೇಕಿಗೆ ಯಾವ ಹೊದಿಕೆ? ಹುಬ್ಬಳ್ಳಿ-ಧಾರವಾಡದ ಹವೆಗೆ ಕ್ರೀಮು, ಬಟರ್‌ಕ್ರೀಮ್, ಗನಾಶ್, ಫಾಂಡಂಟ್ ಹೋಲಿಕೆ

ಕೇಕ್ ಅಲಂಕಾರದ ಗೀಳು ಹತ್ತಿದವರು ಮೊದಲು ಮಾಡುವ ಕೆಲಸ ಮೊಬೈಲಿನಲ್ಲಿ ಒಂದು ಚಿತ್ರ ಆರಿಸುವುದು. ಆ ಚಿತ್ರದಲ್ಲಿರುವ ಕೇಕು ಬಹುಮಟ್ಟಿಗೆ ಎ.ಸಿ. ಕೋಣೆಯದು. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನದ ಬಿಸಿಲು 37 ಡಿಗ್ರಿ ಮುಟ್ಟುತ್ತದೆ. ಜುಲೈ ತಿಂಗಳ ಜಿಟಿಜಿಟಿ ಮಳೆಗೆ ಧಾರವಾಡದಲ್ಲಿ ಉಪ್ಪಿನ ಡಬ್ಬಿಯೂ ಒದ್ದೆಯಾಗುತ್ತದೆ. ಡಿಸೆಂಬರ್ ರಾತ್ರಿ 14-15 ಡಿಗ್ರಿಗೆ ಇಳಿದರೆ ಕಟ್ಟೆಯ ಮೇಲಿಟ್ಟ ಬೆಣ್ಣೆ ಬೆಳಿಗ್ಗೆಗೆ ಚಾಕುವಿಗೂ ಜಗ್ಗುವುದಿಲ್ಲ. ಒಂದೇ ಪಾಕವಿಧಾನ ಮೂರೂ ಕಾಲಕ್ಕೆ ಒಗ್ಗದು. ಆದ್ದರಿಂದ ನಮ್ಮ ಮಾತು ಇಷ್ಟೇ: ಹೊದಿಕೆಯನ್ನು ಚಿತ್ರ ನೋಡಿ ಆರಿಸಬೇಡಿ, ತಿಂಗಳು ನೋಡಿ ಆರಿಸಿ. ಚಿತ್ರವನ್ನು ಆಮೇಲೆ ಆ ಹೊದಿಕೆಗೆ ಹೊಂದಿಸಿಕೊಳ್ಳಬಹುದು.

ತಿಂಗಳಿನ ಜೊತೆಗೆ ಇನ್ನೂ ಮೂರು ಸಂಗತಿ ಮೊದಲೇ ಗೊತ್ತಿರಬೇಕು. ಫ್ರಿಜ್‌ನಿಂದ ತೆಗೆದ ಮೇಲೆ ಕತ್ತರಿಸುವವರೆಗೆ ಕೇಕು ಎಷ್ಟು ಹೊತ್ತು ಹೊರಗೆ ನಿಲ್ಲಬೇಕು? ಬರುವವರಲ್ಲಿ ಮೊಟ್ಟೆ ತಿನ್ನದವರು ಇದ್ದಾರೆಯೇ? ನಿಮ್ಮ ಫ್ರಿಜ್‌ನ ಒಳ ಅಡ್ಡಣಿಗೆಯ ಅಗಲ, ಎತ್ತರ ಎಷ್ಟು? ಮೂರನೆಯದನ್ನು ಅಳೆಯದೆ ಕೆಲಸ ಶುರು ಮಾಡುವವರೇ ಹೆಚ್ಚು. ಅಲಂಕಾರವೆಲ್ಲ ಮುಗಿದ ಮೇಲೆ ಮೇಲಿನ ಹೂವು ಅಡ್ಡಣಿಗೆಗೆ ತಾಗಿ ನಜ್ಜಾಗುವುದು ಹೀಗೆಯೇ. ಕೇಕಿನ ಎತ್ತರಕ್ಕೆ ಹಲಗೆ, ಡಬ್ಬಿಯ ಮುಚ್ಚಳ ಸೇರಿಸಿ ಟೇಪು ಹಿಡಿದು ಅಳೆಯಿರಿ.

ವಿಪ್ಪಿಂಗ್ ಕ್ರೀಮ್

ಬೇಕರಿಗಳ ಬಿಳಿ ಕೇಕಿನ ಮೇಲಿರುವುದು ಬಹುಪಾಲು ಹಾಲಿನ ಕೆನೆಯಲ್ಲ, ಸಸ್ಯಜನ್ಯ ಕೊಬ್ಬಿನ ನಾನ್-ಡೇರಿ ಕ್ರೀಮು. ಇದು ಅಗ್ಗ, ಹಗುರ, ಹಾಲಿನ ಕೆನೆಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ಸಕ್ಕರೆ ಮೊದಲೇ ಸೇರಿರುವುದರಿಂದ ಮತ್ತೆ ಹಾಕುವ ಹಾಗಿಲ್ಲ. ಕಲಿಯುವವರಿಗೆ ಇದು ಒಳ್ಳೆಯ ಆರಂಭ, ಆದರೆ ಉಷ್ಣಾಂಶದ ವಿಷಯದಲ್ಲಿ ಸ್ವಲ್ಪವೂ ಕ್ಷಮಿಸುವುದಿಲ್ಲ.

ಪ್ಯಾಕನ್ನು ಫ್ರೀಜರಿನಿಂದ ಫ್ರಿಜ್‌ನ ಕೆಳಭಾಗಕ್ಕೆ ಹಿಂದಿನ ದಿನವೇ ಇಳಿಸಿ. ಕಡೆಯುವ ಹೊತ್ತಿಗೆ ಅಲ್ಲಲ್ಲಿ ಸಣ್ಣ ಮಂಜಿನ ಹರಳು ಕೈಗೆ ಸಿಗುವಷ್ಟು ತಣ್ಣಗಿರಬೇಕು. ಪೂರ್ತಿ ಕರಗಿ ಬೆಚ್ಚಗಾದ ಕ್ರೀಮು ಎಷ್ಟು ಕಡೆದರೂ ಉಬ್ಬುವುದಿಲ್ಲ. ಸ್ಟೀಲ್ ಬೋಗುಣಿ ಮತ್ತು ಬೀಟರಿನ ಕಡ್ಡಿಗಳನ್ನು ಅರ್ಧ ಗಂಟೆ ಫ್ರೀಜರಿನಲ್ಲಿಡಿ. ಮೊದಲು ನಿಧಾನ, ನೊರೆ ಎದ್ದ ಮೇಲೆ ಮಧ್ಯಮ ವೇಗ. ಪೂರ್ತಿ ವೇಗದಲ್ಲಿ ಕಡೆದರೆ ದೊಡ್ಡ ಗಾಳಿಗುಳ್ಳೆ ಸೇರಿ ಕೇಕಿನ ಮೈಯಲ್ಲಿ ತೂತು ಬೀಳುತ್ತವೆ. ಕೇಕಿನ ಮೈಗೆ ಬಳಿಯಲು ತುದಿ ಬಾಗುವ ಹದ ಸಾಕು. ಹೂವಿಗೆ ಮಾತ್ರ ತುದಿ ನೆಟ್ಟಗೆ ನಿಲ್ಲುವ ಹದ ಬೇಕು. ಎಲ್ಲವನ್ನೂ ಒಂದೇ ಸಲ ಗಟ್ಟಿ ಮಾಡಿಕೊಂಡರೆ ಬಳಿಯುವ ಹೊತ್ತಿಗೆ ಅದು ಹರಳುಹರಳಾಗಿರುತ್ತದೆ. ಹಾಗಾದರೆ ಎಸೆಯಬೇಡಿ. ಕಡೆಯದ ತಣ್ಣನೆಯ ಕ್ರೀಮನ್ನು ಎರಡು ಚಮಚ ಹಾಕಿ ಕೈಯಿಂದ ಮಗುಚಿದರೆ ನುಣುಪು ಮರಳುತ್ತದೆ. ಇದಕ್ಕಾಗಿಯೇ ಪ್ಯಾಕಿನಲ್ಲಿ ಕಾಲು ಲೋಟ ಉಳಿಸಿಕೊಳ್ಳುವುದು ಒಳ್ಳೆಯ ರೂಢಿ. ಏಳು ಇಂಚಿನ, ಒಂದು ಕೆಜಿ ಕೇಕಿಗೆ ಒಳಪದರ, ಹೊರಮೈ, ಒಂದಿಷ್ಟು ಹೂವು ಸೇರಿ 350ರಿಂದ 400 ಮಿ.ಲೀ. ದ್ರವ ಕ್ರೀಮು ಸಾಕಾಗುತ್ತದೆ.

ಇದರ ಕೊಬ್ಬು ಹೈಡ್ರೋಜನೀಕರಿಸಿದ್ದು ಎಂಬ ಅಂಜಿಕೆ ಹಲವರಿಗಿದೆ. 2022ರ ಜನವರಿಯಿಂದ ನಮ್ಮ ದೇಶದಲ್ಲಿ ಖಾದ್ಯ ತೈಲ ಮತ್ತು ಕೊಬ್ಬಿನಲ್ಲಿ ಟ್ರಾನ್ಸ್ ಕೊಬ್ಬು ಶೇ. 2 ದಾಟುವಂತಿಲ್ಲ. ಲೇಬಲ್ಲಿನ ಮೇಲೆ ಟ್ರಾನ್ಸ್ ಕೊಬ್ಬಿನ ಅಂಕಿ ಇರುತ್ತದೆ, ಓದಿಕೊಳ್ಳಿ.

ಹಾಲಿನ ಕೆನೆಯ ರುಚಿಗೆ ಇದು ಸಾಟಿಯಲ್ಲ ನಿಜ. ಆದರೆ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಫ್ರೆಶ್ ಕ್ರೀಮಿನಲ್ಲಿ ಕೊಬ್ಬು ಶೇ. 25ರಷ್ಟೇ. ಅದು ನೊರೆಯಾಗುತ್ತದೆ, ನಿಲ್ಲುವುದಿಲ್ಲ. ಕಡೆಯಲು ಕನಿಷ್ಠ ಶೇ. 30 ಕೊಬ್ಬಿನ, ಪ್ಯಾಕಿನ ಮೇಲೆ ವಿಪ್ಪಿಂಗ್ ಕ್ರೀಮ್ ಎಂದೇ ಬರೆದದ್ದು ಬೇಕು. 250 ಮಿ.ಲೀ.ಗೆ ಎರಡು ದೊಡ್ಡ ಚಮಚ ಹಾಲಿನ ಪುಡಿ, ಎರಡು ಚಮಚ ಐಸಿಂಗ್ ಸಕ್ಕರೆ ಸೇರಿಸಿದರೆ ನಿಲುವು ಸ್ವಲ್ಪ ಹೆಚ್ಚುತ್ತದೆ. ಒಂದು ನಿಮಿಷ ಹೆಚ್ಚು ಕಡೆದರೆ ಬೆಣ್ಣೆ ಬಿಟ್ಟುಕೊಳ್ಳುತ್ತದೆ, ಅಲ್ಲಿಂದ ಹಿಂದಕ್ಕೆ ತರಲಾಗದು. ಇದನ್ನು ಚಳಿಗಾಲದ ಸಣ್ಣ ಕೂಟಕ್ಕೆ, ಮನೆಯವರಿಗೆ ಮಾತ್ರ ಇಟ್ಟುಕೊಳ್ಳಿ.

ಎಷ್ಟು ಹೊತ್ತು ನಿಲ್ಲುತ್ತದೆ? ಮೇ ತಿಂಗಳ ಸಂಜೆ ಫ್ಯಾನಿನ ಕೆಳಗೆ ನಾನ್-ಡೇರಿ ಕ್ರೀಮಿನ ಹೂವು ಒಂದು ಗಂಟೆಯೊಳಗೆ ಅಂಚು ಕಳೆದುಕೊಳ್ಳುತ್ತದೆ, ಹಾಲಿನ ಕೆನೆ ಅರ್ಧ ಗಂಟೆಯೂ ತಾಳುವುದಿಲ್ಲ. ಬೇಸಿಗೆಯಲ್ಲಿ ಕ್ರೀಮ್ ಕೇಕು ಮಾಡಲೇಬಾರದೆಂದಲ್ಲ. ಬಂದವರೆಲ್ಲ ಕೂತ ಮೇಲೆ ಫ್ರಿಜ್‌ನಿಂದ ತೆಗೆದು ಹತ್ತು ನಿಮಿಷದಲ್ಲಿ ಕತ್ತರಿಸುವ ಹಾಗಿದ್ದರೆ ಧಾರಾಳವಾಗಿ ಮಾಡಿ. ಧಾರವಾಡದ ಆಪೂಸು ಬರುವ ತಿಂಗಳುಗಳಲ್ಲಿ ಹಣ್ಣಿಗೂ ಕ್ರೀಮಿಗೂ ಒಪ್ಪುವ ಜೋಡಿ ಬೇರೆ ಇಲ್ಲ. ಒಂದೇ ಎಚ್ಚರ: ಹಸಿ ಮಾವಿನ ರಸವನ್ನು ನೇರವಾಗಿ ಕ್ರೀಮಿಗೆ ಕಲಸಿದರೆ ನೀರೊಡೆಯುತ್ತದೆ. ರಸವನ್ನು ಸ್ವಲ್ಪ ಸಕ್ಕರೆಯೊಂದಿಗೆ ದಪ್ಪ ತಳದ ಪಾತ್ರೆಯಲ್ಲಿ ಕಾಲು ಭಾಗ ಇಂಗುವವರೆಗೆ ಕುದಿಸಿ, ಪೂರ್ತಿ ತಣಿಸಿ, ಕ್ರೀಮಿನ ತೂಕದ ಐದನೇ ಒಂದು ಭಾಗ ಮೀರದಂತೆ ಸೇರಿಸಿ. ಹೋಳುಗಳನ್ನು ಒಣ ಬಟ್ಟೆಯಲ್ಲಿ ಒತ್ತಿ, ಕತ್ತರಿಸುವ ತುಸು ಮುಂಚೆ ಮೇಲಿಡಿ.

ಬಟರ್‌ಕ್ರೀಮ್, ಅದರಲ್ಲೂ ಹಿಟ್ಟು ಬೇಯಿಸಿದ್ದು

ನಾಜಲ್ಲಿನ (ಕ್ರೀಮ್ ಬ್ಯಾಗಿನ ತುದಿಯ ಕೊಳವೆ) ಕೆಲಸ ಕಲಿಯಲು ಬೆಣ್ಣೆಯಂಥ ಗುರು ಇಲ್ಲ. ಗೆರೆ ತಪ್ಪಿದರೆ ಕೆರೆದು ತೆಗೆದು ಮತ್ತೆ ಹಾಕಬಹುದು. ಕೈಗೆ ಸಮಯ ಕೊಡುತ್ತದೆ. ಅಡ್ಡಿಯಿರುವುದು ಹವೆಯಲ್ಲಿ. ಬೆಣ್ಣೆ 25 ಡಿಗ್ರಿ ದಾಟಿದರೆ ಮೆತ್ತಗಾಗುತ್ತದೆ, 32ರ ಆಚೆ ಕರಗತೊಡಗುತ್ತದೆ. ಹಾಗಾಗಿ ಮಾರ್ಚ್‌ನಿಂದ ಮೇವರೆಗೆ ಇದನ್ನು ಮರೆತುಬಿಡಿ. ಜೂನ್ ಕೊನೆಯಿಂದ ಫೆಬ್ರವರಿವರೆಗೆ ನಮ್ಮ ಕಡೆ ಇದಕ್ಕೆ ಅನುಕೂಲದ ಕಾಲ. ಮಳೆಗಾಲದ ಧಾರವಾಡದ ತಂಪು ಹವೆಯಂತೂ ಬೆಣ್ಣೆಗೆ ಹೇಳಿ ಮಾಡಿಸಿದ್ದು. ಶ್ರಾವಣದ ಹಬ್ಬಗಳಿಗೂ, ವರ್ಷದ ಕೊನೆಯ ಡಿಸೆಂಬರ್ 31ರ ಕೇಕಿಗೂ ಇದೇ ಸರಿ.

ಸುಲಭದ್ದು ಅಮೆರಿಕನ್ ಬಟರ್‌ಕ್ರೀಮ್: 250 ಗ್ರಾಂ ಉಪ್ಪಿಲ್ಲದ ಬೆಣ್ಣೆ, 500 ಗ್ರಾಂ ಐಸಿಂಗ್ ಸಕ್ಕರೆ, ಎರಡು ಚಮಚ ಹಾಲು. ಗೆರೆ ಚೂಪಾಗಿ ನಿಲ್ಲುತ್ತದೆ. ಆದರೆ ಸಿಹಿ ವಿಪರೀತ, ಮೊದಲ ತುತ್ತಿಗೇ ಸಾಕೆನಿಸುತ್ತದೆ. ಸ್ವಿಸ್ ಮೆರಿಂಗ್ ಬಟರ್‌ಕ್ರೀಮ್ ರೇಷ್ಮೆಯಷ್ಟು ನುಣುಪು, ಸಿಹಿಯೂ ಹಿತ. ಆದರೆ ಅದರ ಮೂಲವೇ ಮೊಟ್ಟೆಯ ಬಿಳಿ, ಆ ಬಿಳಿ ಮತ್ತು ಸಕ್ಕರೆಯ ಮಿಶ್ರಣವನ್ನು ಹಬೆಯ ಮೇಲೆ 71 ಡಿಗ್ರಿವರೆಗೆ ಕಾಯಿಸಬೇಕು. ಮೊಟ್ಟೆ ಮುಟ್ಟದ ಮನೆಗಳು ಇಷ್ಟೊಂದಿರುವ ಊರಿನಲ್ಲಿ ನಾವು ಒತ್ತಿ ಹೇಳುವುದು ಮೂರನೆಯದನ್ನು: ಮೈದಾ ಬೇಯಿಸಿ ಮಾಡುವ ಎರ್ಮಿನ್ ಬಟರ್‌ಕ್ರೀಮ್. ಮೊಟ್ಟೆ ಇಲ್ಲ, ಸಿಹಿ ಅರ್ಧಕ್ಕರ್ಧ ಕಡಿಮೆ, ಬಾಯಲ್ಲಿ ಕೆನೆಯ ಹಾಗೆ ಕರಗುತ್ತದೆ. ಇಷ್ಟು ಒಳ್ಳೆಯದು ನಮ್ಮ ಅಡುಗೆಮನೆಗಳಲ್ಲಿ ಇನ್ನೂ ಬಳಕೆಗೆ ಬಂದಿಲ್ಲವಲ್ಲ ಎಂಬುದೇ ಬೇಸರ.

ಮಾಡುವುದು ಹೀಗೆ. 200 ಗ್ರಾಂ ಸಕ್ಕರೆ, 40 ಗ್ರಾಂ ಮೈದಾವನ್ನು ಒಣಗಿದ್ದಾಗಲೇ ಚೆನ್ನಾಗಿ ಬೆರೆಸಿ. ಹೀಗೆ ಮಾಡಿದರೆ ಗಂಟು ಕಟ್ಟುವುದಿಲ್ಲ. 250 ಮಿ.ಲೀ. ಹಾಲನ್ನು ಸ್ವಲ್ಪಸ್ವಲ್ಪವೇ ಸೇರಿಸಿ, ಮಧ್ಯಮ ಉರಿಯಲ್ಲಿ ಕೈಬಿಡದೆ ತಿರುವಿ. ಗಟ್ಟಿಯಾಗಿ ಗುಳುಗುಳು ಕುದಿ ಬಂದ ಮೇಲೂ ಒಂದು ನಿಮಿಷ ಬೇಯಿಸಬೇಕು, ಇಲ್ಲದಿದ್ದರೆ ಹಸಿ ಹಿಟ್ಟಿನ ವಾಸನೆ ಉಳಿಯುತ್ತದೆ. ಸೌಟು ಎಳೆದರೆ ಪಾತ್ರೆಯ ತಳ ಕಂಡು ಮೆಲ್ಲಗೆ ಮುಚ್ಚಿಕೊಳ್ಳುವುದೇ ಹದ. ಪ್ಲಾಸ್ಟಿಕ್ ಹಾಳೆಯನ್ನು ಅದರ ಮೈಗೇ ತಾಗುವಂತೆ ಮುಚ್ಚಿ ಪೂರ್ತಿ ಆರಲು ಬಿಡಿ, ಇಲ್ಲದಿದ್ದರೆ ಕೆನೆಗಟ್ಟಿ ಆ ಚೂರುಗಳು ನಾಜಲ್ಲಿಗೆ ಸಿಕ್ಕಿಕೊಳ್ಳುತ್ತವೆ. 225 ಗ್ರಾಂ ಉಪ್ಪಿಲ್ಲದ ಬೆಣ್ಣೆಯನ್ನು ಬೆರಳೊತ್ತಿದರೆ ಗುರುತು ಬೀಳುವಷ್ಟು ಮೆತ್ತಗೆ ಮಾಡಿಕೊಂಡು, ಬಣ್ಣ ಬಿಳಿಚುವವರೆಗೆ ಐದು ನಿಮಿಷ ಕಡೆಯಿರಿ. ಆಮೇಲೆ ಆರಿದ ಹಿಟ್ಟನ್ನು ಒಂದೊಂದೇ ಚಮಚ ಹಾಕುತ್ತ ಕಡೆಯಿರಿ.

ಮೊಸರೊಡೆದ ಹಾಗೆ ಕಂಡರೆ ಏನೋ ಒಂದು ತೀರಾ ತಣ್ಣಗಿದೆ ಎಂದರ್ಥ. ಡಿಸೆಂಬರ್ ಬೆಳಗಿನಲ್ಲಿ ಇದು ಸಾಮಾನ್ಯ. ಬೋಗುಣಿಯ ತಳಕ್ಕೆ ಬಿಸಿನೀರಿನ ಬಟ್ಟೆ ಒತ್ತಿ ಮತ್ತೆ ಕಡೆದರೆ ಕೂಡಿಕೊಳ್ಳುತ್ತದೆ. ನೀರುನೀರಾಗಿದ್ದರೆ ಹಿಟ್ಟು ಬಿಸಿಯಿದ್ದಾಗಲೇ ಸೇರಿಸಿದ್ದೀರಿ. ಕಾಲು ಗಂಟೆ ಫ್ರಿಜ್‌ನಲ್ಲಿಟ್ಟು ಮತ್ತೆ ಕಡೆಯಿರಿ. ಹಾಲಿರುವುದರಿಂದ ಕೇಕನ್ನು ರಾತ್ರಿ ಹೊರಗಿಡಬೇಡಿ.

ಬೆಣ್ಣೆಯ ಬಗ್ಗೆ ಒಂದು ಮಾತು. ಮನೆಯಲ್ಲಿ ಮೊಸರು ಕಡೆದು ತೆಗೆದ ಬೆಣ್ಣೆ ಇಲ್ಲಿ ಕೆಲಸಕ್ಕೆ ಬಾರದು. ಅದರಲ್ಲಿ ನೀರಿನಂಶ ಹೆಚ್ಚು, ಅದೂ ಒಂದೊಂದು ಸಲ ಒಂದೊಂದು ಥರ, ಜೊತೆಗೆ ಹುಳಿ. ಅದು ಬಿಸಿ ರೊಟ್ಟಿಗೇ ಚೆಂದ. ಮಿಕ್ಸಿಯಲ್ಲಿ ಪುಡಿ ಮಾಡಿದ ಸಕ್ಕರೆಯೂ ಅಮೆರಿಕನ್ ಬಟರ್‌ಕ್ರೀಮಿಗೆ ಸಾಲದು, ನಾಲಗೆಗೆ ಮರಳು ಸಿಗುತ್ತದೆ, ಸಣ್ಣ ನಾಜಲ್ ಕಟ್ಟಿಕೊಳ್ಳುತ್ತದೆ. ಬೇರೆ ದಾರಿ ಇಲ್ಲದಿದ್ದರೆ 100 ಗ್ರಾಂಗೆ ಒಂದು ಚಮಚ ಕಾರ್ನ್‌ಫ್ಲೋರ್ ಹಾಕಿ ಮತ್ತೊಮ್ಮೆ ತಿರುಗಿಸಿ, ತೆಳು ಮಲ್ ಬಟ್ಟೆಯಲ್ಲಿ ಸೋಸಿಕೊಳ್ಳಿ.

ಗನಾಶ್: ಬೇಸಿಗೆಯ ಆಸರೆ

ಚಾಕೊಲೇಟು ಮತ್ತು ಕೆನೆ, ಎರಡೇ ಸಾಮಗ್ರಿ. ಇಲ್ಲಿ ಶೇ. 25 ಕೊಬ್ಬಿನ ಫ್ರೆಶ್ ಕ್ರೀಮೇ ಸಾಕು. ಚಳಿಗಾಲದಲ್ಲಿ ಡಾರ್ಕ್ ಚಾಕೊಲೇಟಿಗೆ ಎರಡಕ್ಕೊಂದು: 600 ಗ್ರಾಂ ಚಾಕೊಲೇಟಿಗೆ 300 ಗ್ರಾಂ ಕೆನೆ. ಎಂಟು ಇಂಚಿನ ಕೇಕಿನ ಒಳಗೂ ಹೊರಗೂ ಇದು ಆಗುತ್ತದೆ. ಬೇಸಿಗೆಯಲ್ಲಿ ಮೂರಕ್ಕೊಂದು. ಬಿಳಿ ಚಾಕೊಲೇಟು ಸ್ವಭಾವದಲ್ಲೇ ಮೆದು, ಅದಕ್ಕೆ ಚಳಿಗಾಲದಲ್ಲೇ ಮೂರಕ್ಕೊಂದು, ಬೇಸಿಗೆಯಲ್ಲಿ ನಾಲ್ಕಕ್ಕೊಂದು.

ಕೆನೆಯನ್ನು ಉಕ್ಕಿಸಬೇಡಿ. ಅಂಚಿನಲ್ಲಿ ಗುಳ್ಳೆ ಬಂದ ಕೂಡಲೇ ಇಳಿಸಿ, ಸಣ್ಣಗೆ ಹೆಚ್ಚಿದ ಚಾಕೊಲೇಟಿನ ಮೇಲೆ ಸುರಿದು ಮೂರು ನಿಮಿಷ ಮುಟ್ಟದೆ ಬಿಡಿ. ನಡುವಿನಿಂದ ಹೊರಕ್ಕೆ ಮೆಲ್ಲಗೆ ಕಲಕಿ. ಎಣ್ಣೆ ಬಿಟ್ಟು ಒಡೆದರೆ ಅದಕ್ಕೆ ನೀರಿನಂಶ ಸಾಲದು ಅಥವಾ ಕಾವು ಹೆಚ್ಚಾಗಿದೆ. ಬೆಚ್ಚಗಿನ ಹಾಲನ್ನು ಒಂದೊಂದೇ ಚಮಚ ಹಾಕಿ ಕಲಕಿದರೆ ಮತ್ತೆ ಹೊಳಪು ಬರುತ್ತದೆ. ಬಳಿಯುವ ಹದಕ್ಕೆ ಬರಲು ಚಳಿಗಾಲದಲ್ಲಿ ರಾತ್ರಿಯಿಡೀ ಹೊರಗಿಟ್ಟರೆ ಸಾಕು. ಏಪ್ರಿಲ್‌ನಲ್ಲಿ ಹೊರಗೆ ಅದು ಗಟ್ಟಿಯಾಗುವುದೇ ಇಲ್ಲ, ಫ್ರಿಜ್‌ನಲ್ಲಿಟ್ಟು ಹತ್ತು ನಿಮಿಷಕ್ಕೊಮ್ಮೆ ತೆಗೆದು ಮಗುಚಬೇಕು.

ಚಾಕೊಲೇಟಿನಲ್ಲೂ ಆಯ್ಕೆಯಿದೆ. ಕೋಕೋ ಬೆಣ್ಣೆಯಿರುವ ಕುವರ್ಚರ್ ರುಚಿಯಲ್ಲಿ ಮೇಲು, ಆದರೆ ಆ ಬೆಣ್ಣೆ ಸುಮಾರು 34 ಡಿಗ್ರಿಗೇ ಕರಗುತ್ತದೆ. ಅಗ್ಗದ ಕಾಂಪೌಂಡ್ ಚಾಕೊಲೇಟಿನಲ್ಲಿ ಅದರ ಬದಲು ಬೇರೆ ಸಸ್ಯಜನ್ಯ ಕೊಬ್ಬಿರುತ್ತದೆ, ಬಿಸಿಲನ್ನು ತುಸು ಹೆಚ್ಚು ತಾಳುತ್ತದೆ, ಬಾಯಲ್ಲಿ ಮಾತ್ರ ಮೇಣದ ಪದರ ಉಳಿಸುತ್ತದೆ. ರುಚಿ ಕುವರ್ಚರಿನಿಂದ, ಗಟ್ಟಿತನ ಕಾಂಪೌಂಡಿನಿಂದ ಎಂದು ಎರಡನ್ನೂ ಬೆರೆಸುವವರಿದ್ದಾರೆ. ಫಲ ತಿರುಗುಮುರುಗು. ಕೋಕೋ ಬೆಣ್ಣೆಗೂ ಕಾಂಪೌಂಡಿನ ತಾಳೆಬೀಜದ ಕೊಬ್ಬಿಗೂ ಹೊಂದಿಕೆಯಿಲ್ಲ, ಕೂಡಿಸಿದರೆ ಎರಡಕ್ಕಿಂತಲೂ ಮೆದುವಾದ ಮಿಶ್ರಣ ಆಗುತ್ತದೆ. ಮನೆಯ ಹತ್ತು ಮಂದಿಗೆ ಕುವರ್ಚರ್, ಎ.ಸಿ. ಇಲ್ಲದ ಸಭಾಂಗಣದಲ್ಲಿ ಮೇ ತಿಂಗಳ ಕಾರ್ಯಕ್ರಮಕ್ಕೆ ಕಾಂಪೌಂಡ್. ಎರಡರಲ್ಲಿ ಒಂದೇ.

ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. 300 ಗ್ರಾಂ ಡಾರ್ಕ್ ಚಾಕೊಲೇಟಿಗೆ ನುಣ್ಣನೆಯ ಪುಡಿ ಅರ್ಧ ಚಮಚವನ್ನು ಕೆನೆ ಕಾಯಿಸುವಾಗಲೇ ಹಾಕಿ, ಸೋಸಿ ಸುರಿಯಿರಿ. ಗಂಟಲಿನ ಹಿಂದೆ ಒಂದು ಬೆಚ್ಚನೆಯ ಎಳೆ ಉಳಿಯುತ್ತದೆ, ದೊಡ್ಡವರ ಕೂಟಕ್ಕೆ ಬಲು ಸೊಗಸು.

ಫಾಂಡಂಟ್

ಕಲಿಕೆಯ ಮೊದಲ ವರ್ಷದಲ್ಲಿ ಇಡೀ ಕೇಕಿಗೆ ಫಾಂಡಂಟ್ (ಹಾಳೆಯಂತೆ ಲಟ್ಟಿಸುವ ಸಕ್ಕರೆಯ ಮುದ್ದೆ) ಹೊದಿಸುವುದು ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ. ನೋಡಲು ಚೆಂದ, ತಟ್ಟೆಯಲ್ಲಿ ಮಾತ್ರ ಮಕ್ಕಳೂ ಅದನ್ನು ಸುಲಿದು ಬದಿಗಿಡುತ್ತಾರೆ. ಸಕ್ಕರೆಯ ಮುದ್ದೆ ಗಾಳಿಯ ತೇವವನ್ನು ಹೀರುವುದರಿಂದ ಮಳೆಗಾಲದಲ್ಲಿ ಅಂಟುತ್ತದೆ. ಜನವರಿಯ ಒಣ ಗಾಳಿಗೆ ಮೂಲೆಗಳಲ್ಲಿ ಆನೆಯ ತೊಗಲಿನಂತೆ ಸೀಳುತ್ತದೆ. ವಿಪ್ಪಿಂಗ್ ಕ್ರೀಮಿನ ಮೇಲೆ ಹೊದಿಸಿದರೆ ಕೆಳಗಿನ ನೀರಿಗೆ ಕರಗಿ ಜಾರುತ್ತದೆ. ಕೆಳಗೆ ಗನಾಶ್ ಅಥವಾ ಬಟರ್‌ಕ್ರೀಮ್ ಇರಲೇಬೇಕು.

ಸಣ್ಣ ಗೊಂಬೆ, ಹೂವು, ಅಕ್ಷರಕ್ಕೆ ಬಳಸಿ. ಎರಡು ದಿನ ಮುಂಚೆ ಮಾಡಿ ಒಣಗಿಸಿಟ್ಟು, ಕತ್ತರಿಸುವ ಮುನ್ನ ಕೂರಿಸಿದರೆ ಸಾಕು. ಕೊಳ್ಳುವಾಗ ಹಸಿರು ಚುಕ್ಕೆ ನೋಡಿಕೊಳ್ಳಿ, ಕೆಲವದರಲ್ಲಿ ಪ್ರಾಣಿಜನ್ಯ ಜಿಲೆಟಿನ್ ಇರುತ್ತದೆ. ಇನ್ನೊಂದು ಸೂಕ್ಷ್ಮ: ದೀಪಾವಳಿ, ಗಣೇಶ ಚೌತಿಯ ಕೇಕಿನ ಮೇಲೆ ದೇವರ ಮೂರ್ತಿ ಮಾಡಬೇಡಿ. ಅದಕ್ಕೆ ಚಾಕು ಇಡಲು ಹಿರಿಯರ ಮನಸ್ಸು ಒಪ್ಪುವುದಿಲ್ಲ. ಹಣತೆ, ರಂಗೋಲಿ, ಕಮಲ ಇದ್ದರೆ ಯಾರಿಗೂ ಇರಿಸುಮುರಿಸಿಲ್ಲ. ಉರಿಯುವ ಹಣತೆಯನ್ನು ಕೇಕಿನಿಂದ ದೂರ, ಬೇರೆ ತಟ್ಟೆಯಲ್ಲಿಡಿ.

ಕಸೂತಿ ಬಿಡಿಸಲು ಯಾವುದು?

ಧಾರವಾಡದ ಕಡೆಯವರು ಕೇಕಿನ ಮೇಲೆ ಪರವೂರಿನ ಗುಲಾಬಿಯನ್ನೇ ಏಕೆ ಬಿಡಿಸಬೇಕು? ಕಸೂತಿಯ ಗೋಪುರ, ತುಳಸಿಕಟ್ಟೆ, ನವಿಲು, ತೇರು ಎಲ್ಲವೂ ನೇರ ಗೆರೆಗಳ ಎಣಿಕೆಯ ಕೆಲಸ. ದಳ ತಿರುಗಿಸಲು ಬಾರದ ಕೈಯೂ ನೇರ ಗೆರೆ ಎಳೆಯಬಲ್ಲದು. ಕಪ್ಪು ಚಂದ್ರಕಾಳಿ ಸೀರೆಯ ಮೇಲಿನ ಕಸೂತಿಯನ್ನು ನೆನೆಸಿಕೊಳ್ಳಿ. ಡಾರ್ಕ್ ಗನಾಶ್ ಬಳಿದ ಕೇಕಿಗೆ ಅದೇ ನೆಲ.

ಹೋಲಿಸಿದರೆ ಹೀಗೆ: ವಿಪ್ಪಿಂಗ್ ಕ್ರೀಮು ಸಣ್ಣ ನಾಜಲ್ಲಿನಲ್ಲಿ ತುಂಡುತುಂಡಾಗಿ ಬರುತ್ತದೆ. ಕರಗಿಸಿದ ಬಿಳಿ ಚಾಕೊಲೇಟು ಚಳಿಯಲ್ಲಿ ನಾಜಲ್ಲಿನೊಳಗೇ ಗಟ್ಟಿಯಾಗುತ್ತದೆ. ರಾಯಲ್ ಐಸಿಂಗ್ ಒಣ ಫಾಂಡಂಟಿನ ಮೇಲೆ ಅತ್ಯುತ್ತಮ, ಆದರೆ ಅದರಲ್ಲಿ ಮೊಟ್ಟೆಯ ಬಿಳಿ ಇರುತ್ತದೆ, ಕ್ರೀಮಿನ ತೇವಕ್ಕೆ ಕರಗುತ್ತದೆ. ಗೆರೆಗೆ ನಿಜವಾಗಿ ಒದಗುವುದು ಅಮೆರಿಕನ್ ಬಟರ್‌ಕ್ರೀಮೇ. ಕೇಕಿಗೆಲ್ಲ ಬಳಿದರೆ ಸಿಹಿಯಾಗುವ ಅದು ನೂಲಿನೆಳೆಯಷ್ಟಿದ್ದಾಗ ನಾಲಗೆಗೆ ಭಾರವಲ್ಲ. ಬೇಸಿಗೆಯಲ್ಲಿ ಮಾತ್ರ ಗೆರೆಗೂ ಗನಾಶೇ ಗತಿ: ಬಿಳಿ ಚಾಕೊಲೇಟಿನ ನಾಲ್ಕಕ್ಕೊಂದರ ಗನಾಶನ್ನು ಟೂತ್‌ಪೇಸ್ಟಿನ ಹದಕ್ಕೆ ಬಂದಾಗ ಬಳಸಿ.

ಗನಾಶ್ ಬಳಿದ ಕೇಕನ್ನು ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಟ್ಟು ಮೈ ಗಟ್ಟಿ ಮಾಡಿಕೊಳ್ಳಿ. ಅಳತೆಪಟ್ಟಿ ಮತ್ತು ಗುಂಡುಸೂಜಿಯಿಂದ ಅರ್ಧ ಸೆಂಟಿಮೀಟರಿಗೊಂದು ಚುಕ್ಕೆ ಹಾಕಿ. ಚೌಕುಳಿ ಕಾಗದದ ಮೇಲೆ ಮೊದಲು ವಿನ್ಯಾಸ ಬಿಡಿಸಿಕೊಂಡು ಮನೆಗಳನ್ನು ಎಣಿಸಿಕೊಳ್ಳಿ. 2ನೇ ನಂಬರಿನ ಗುಂಡು ನಾಜಲ್ ಸಾಕು. ಕೈ ಪಳಗಿದ ಮೇಲೆ 1ನೇ ನಂಬರು. ಬಟರ್‌ಕ್ರೀಮಿಗೆ ಅರ್ಧ ಚಮಚ ಹಾಲು ಹೆಚ್ಚು ಸೇರಿಸಿ ಸಡಿಲ ಮಾಡಿ, ಇಲ್ಲದಿದ್ದರೆ ಎಳೆ ತುಂಡಾಗುತ್ತದೆ. ನಾಜಲ್ಲನ್ನು ಕೇಕಿಗೆ ಒತ್ತಬೇಡಿ. ಚುಕ್ಕೆಗೆ ತಾಗಿಸಿ, ಒಂದು ಸೆಂಟಿಮೀಟರ್ ಮೇಲೆತ್ತಿ, ಎಳೆಯನ್ನು ಗಾಳಿಯಲ್ಲಿ ತೂಗಿಸಿಕೊಂಡು ಹೋಗಿ ಮುಂದಿನ ಚುಕ್ಕೆಯ ಮೇಲೆ ಇಳಿಸಿ. ನಿಲ್ಲಿಸುವ ಅರ್ಧ ಕ್ಷಣ ಮುಂಚೆ ಒತ್ತಡ ಬಿಡಬೇಕು, ಬಿಡದಿದ್ದರೆ ತುದಿಯಲ್ಲಿ ಗುಂಡು ಬೀಳುತ್ತದೆ. ಕಸೂತಿಯ ಹೊಲಿಗೆಗಳಲ್ಲಿ ಗವಂತಿಯ ಒಂಟಿ ಗೆರೆ, ಮುರ್ಗಿಯ ಮೆಟ್ಟಿಲುಗೆರೆಯಿಂದ ಶುರು ಮಾಡಿ. ಮೆಂತ್ಯೆಯ ಅಡ್ಡಹೆಣಿಗೆ ಸ್ಥಳ ತುಂಬುವ ಕೆಲಸ, ಕೈ ಕೂತ ಮೇಲೆ ಹಿಡಿಯಿರಿ. ಅಭ್ಯಾಸಕ್ಕೆ ಬೆಣ್ಣೆ ಖರ್ಚು ಮಾಡಬೇಕಿಲ್ಲ. ವನಸ್ಪತಿಯನ್ನು ಐಸಿಂಗ್ ಸಕ್ಕರೆಯೊಂದಿಗೆ ಕಲಸಿ, ಬೋರಲು ಹಾಕಿದ ಸ್ಟೀಲ್ ತಟ್ಟೆಯ ಮೇಲೆ ಗೆರೆ ಎಳೆದು, ಕೆರೆದು, ಮತ್ತೆ ಬ್ಯಾಗಿಗೆ ತುಂಬಿಕೊಳ್ಳಿ.

ಬಣ್ಣ ಯಾವುದಾದರೂ ಜೆಲ್ ರೂಪದ್ದೇ ಇರಲಿ, ನೀರು ಬಣ್ಣ ಹದ ಕೆಡಿಸುತ್ತದೆ. ಕರಗಿದ ಚಾಕೊಲೇಟಿಗೆ ಎಣ್ಣೆಯಲ್ಲಿ ಕರಗುವ ಬಣ್ಣವೇ ಬೇಕು, ನೀರಿನ ಹನಿ ಬಿದ್ದರೆ ಅದು ಕಲ್ಲುಕಲ್ಲಾಗುತ್ತದೆ. ಮಿಂಚಿನ ಪುಡಿಯ ಮೇಲೆ ವಿಷಕಾರಿಯಲ್ಲ ಎಂದಷ್ಟೇ ಬರೆದಿದ್ದರೆ ಅದು ತಿನ್ನುವ ವಸ್ತುವಲ್ಲ, ಖಾದ್ಯ ಎಂದೇ ಬರೆದಿರಬೇಕು. ನಿಜವಾದ ಹೂವು ಇಡುವುದಾದರೆ ಔಷಧಿ ಹೊಡೆಯದ ನಾಟಿ ಗುಲಾಬಿಯ ಪಕಳೆ ಸಾಕು. ಕಣಗಿಲೆ ಎಷ್ಟು ಅಂದವಿದ್ದರೂ ವಿಷ, ಕೇಕಿನ ಹತ್ತಿರವೂ ತರಬೇಡಿ.

ಎತ್ತರದ ಕೇಕೋ, ತಟ್ಟೆ ಕೇಕೋ, ಕಪ್‌ಕೇಕೋ?

ಕುಬಸ, ತೊಟ್ಟಿಲು, ಹುಟ್ಟುಹಬ್ಬಕ್ಕೆ ಮನೆಗೆ ಮೂವತ್ತು ಜನ ಬರುತ್ತಾರೆ ಎಂದಿಟ್ಟುಕೊಳ್ಳಿ. ಗಿರಮಿಟ್ಟು, ಮಿರ್ಚಿ ಭಜಿ, ಚಹಾ ಇದ್ದೇ ಇರುತ್ತವೆ. ಹಾಗಿದ್ದಾಗ ಒಬ್ಬರಿಗೆ 60-70 ಗ್ರಾಂ ಕೇಕು ಸಾಕು, ಒಟ್ಟು ಎರಡು ಕೆಜಿ. ಎರಡು ಅಂತಸ್ತಿನ ಕೇಕು ಚಿತ್ರಕ್ಕೆ ಚೆಂದ, ಆದರೆ ಕೆಳಗಿನ ಅಂತಸ್ತಿನೊಳಗೆ ಆಧಾರದ ಕಡ್ಡಿ, ನಡುವೆ ಹಲಗೆ ಇಲ್ಲದಿದ್ದರೆ ಮೇಲಿನದು ಕುಸಿಯುತ್ತದೆ. ಕ್ರೀಮಿನ ಕೇಕಿಗಂತೂ ಆರಂಭದಲ್ಲಿ ಈ ಸಾಹಸ ಬೇಡ. ಕಪ್‌ಕೇಕಿನಲ್ಲಿ ಹಂಚುವುದು ಸುಲಭ, ಚಾಕು ಬೇಡ. ಆದರೆ ಹನ್ನೆರಡಕ್ಕೆ ಸುರುಳಿ ಹಾಕಲು 350-400 ಗ್ರಾಂ ಬಟರ್‌ಕ್ರೀಮ್ ಬೇಕು, ಸ್ಪಂಜಿಗಿಂತ ಹೊದಿಕೆಯೇ ಹೆಚ್ಚಾದ ಹಾಗೆ.

ನಮ್ಮ ಮತ ತಟ್ಟೆ ಕೇಕಿಗೆ. 9 x 13 ಇಂಚಿನ ಟ್ರೇಯಲ್ಲಿ ಬೇಯಿಸಿ, ನಡುವೆ ಸೀಳಿ ಒಂದು ಪದರ ತುಂಬಿ, ಮೇಲೆ ಸೀರೆಯ ಅಂಚಿನ ಹಾಗೆ ಕಸೂತಿಯ ಚೌಕಟ್ಟು. ಐದು ಅಡ್ಡ, ಆರು ಉದ್ದ ಸಾಲಿನಲ್ಲಿ ಕತ್ತರಿಸಿದರೆ ಸರಿಯಾಗಿ ಮೂವತ್ತು ತುಂಡು. ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ, ಪ್ರತಿ ಸಲವೂ ಒರೆಸಿ ಇಳಿಸಬೇಕು.

ಸ್ಪಂಜು ಹೊದಿಕೆಯ ಭಾರ ತಾಳುವಂತಿರಲಿ. ಏಳು ಇಂಚಿನ ಅಚ್ಚಿಗೆ ಮೊಟ್ಟೆಯಿಲ್ಲದ ಗಟ್ಟಿ ಸ್ಪಂಜಿನ ಅಳತೆ: 190 ಗ್ರಾಂ ಮೈದಾ, 240 ಗ್ರಾಂ ಹುಳಿಯಿಲ್ಲದ ಮೊಸರು, 150 ಗ್ರಾಂ ಸಕ್ಕರೆ, 120 ಮಿ.ಲೀ. ಎಣ್ಣೆ, ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಅಡುಗೆ ಸೋಡಾ, ಆಗತಾನೆ ಕುಟ್ಟಿದ ಏಲಕ್ಕಿ ಅರ್ಧ ಚಮಚ. 180 ಡಿಗ್ರಿಯಲ್ಲಿ 30-35 ನಿಮಿಷ. 9 x 13 ಟ್ರೇಗೆ ಎಲ್ಲವನ್ನೂ ಮೂರು ಪಟ್ಟು ಮಾಡಿ, ಬೇಯಲು ಹತ್ತು-ಹದಿನೈದು ನಿಮಿಷ ಹೆಚ್ಚು ಕೊಡಿ. ಹಿಂದಿನ ದಿನ ಬೇಯಿಸಿ ಸುತ್ತಿಟ್ಟರೆ ಬಳಿಯುವಾಗ ಪುಡಿ ಉದುರುವುದಿಲ್ಲ. ಆದರೂ ಮೊದಲು ತೆಳುವಾಗಿ ಒಂದು ಪದರ ಬಳಿದು ಇಪ್ಪತ್ತು ನಿಮಿಷ ತಣಿಸಿ, ಆಮೇಲೆ ನಿಜವಾದ ಪದರ.

ಧಾರವಾಡ ಪೇಡೆಯ ಪುಡಿಯನ್ನು ಕೇಕಿನ ಬದಿಗೆ ಹಚ್ಚುವುದು ಒಳ್ಳೆಯ ಯೋಚನೆ. ಆದರೆ ಅದರ ಹೊರಗಿನ ಸಕ್ಕರೆ ತೇವ ಎಳೆದುಕೊಂಡು, ರಾತ್ರಿ ಹಚ್ಚಿಟ್ಟರೆ ಬೆಳಿಗ್ಗೆಗೆ ನೀರೊಡೆದಿರುತ್ತದೆ. ಕತ್ತರಿಸುವ ಅರ್ಧ ಗಂಟೆ ಮುಂಚೆ ಹಚ್ಚಿ, ಇಲ್ಲವೇ ಬಟರ್‌ಕ್ರೀಮಿನ ಒಳಪದರಕ್ಕೆ ಕಲಸಿ, 300 ಗ್ರಾಂಗೆ 100 ಗ್ರಾಂ.

ಊರಿಂದೂರಿಗೆ ಒಯ್ಯುವಾಗ

ಹುಬ್ಬಳ್ಳಿಯಿಂದ ಧಾರವಾಡ ಇಪ್ಪತ್ತು ಕಿ.ಮೀ., ಗದಗ ಸುಮಾರು ಅರವತ್ತು, ಹಾವೇರಿ ಇನ್ನೂ ದೂರ. ಗದಗಿಗೆ ಬೇಸಿಗೆಯಲ್ಲಿ ಕ್ರೀಮ್ ಕೇಕು ಒಯ್ಯುವುದಾದರೆ ಎ.ಸಿ. ಕಾರು ಇಲ್ಲದೆ ಒಪ್ಪಿಕೊಳ್ಳಬೇಡಿ. ಗನಾಶ್ ಕೇಕನ್ನು ರಾತ್ರಿಯಿಡೀ ತಣಿಸಿ ರಟ್ಟಿನ ಡಬ್ಬಿಯಲ್ಲಿಟ್ಟರೆ ತಡೆದುಕೊಳ್ಳುತ್ತದೆ. ಡಬ್ಬಿಯನ್ನು ಸೀಟಿನ ಮೇಲಿಡಬೇಡಿ, ಸೀಟು ಹಿಂದಕ್ಕೆ ವಾಲಿರುತ್ತದೆ. ಮುಂದಿನ ಸೀಟಿನ ಕೆಳಗಿನ ಸಮತಟ್ಟು ನೆಲದಲ್ಲಿ, ಅಡಿಗೆ ಒಂದು ರಬ್ಬರ್ ಜಾಲರಿ ಹಾಸಿ ಇಡಿ. ತಲುಪಿದ ಕೂಡಲೇ ಮುಚ್ಚಳ ತೆರೆಯುವುದೂ ತಪ್ಪು: ಮಳೆಗಾಲದ ತೇವದ ಗಾಳಿ ತಣ್ಣನೆಯ ಕೇಕಿನ ಮೇಲೆ ಹನಿಗಟ್ಟಿ ಬಣ್ಣ ಇಳಿಸುತ್ತದೆ. ಡಬ್ಬಿ ಮುಚ್ಚಿದ್ದಾಗಲೇ ಅರ್ಧ ಗಂಟೆ ಬಿಟ್ಟರೆ ಆ ಹನಿ ಡಬ್ಬಿಯ ಹೊರಮೈಯಲ್ಲೇ ನಿಲ್ಲುತ್ತದೆ. ಬೇಸಿಗೆಯ ಕ್ರೀಮ್ ಕೇಕಿಗೆ ಅಷ್ಟು ಬಿಡುವಿಲ್ಲ, ಅದನ್ನು ನೇರ ಅಲ್ಲಿನ ಫ್ರಿಜ್‌ಗೆ ಸೇರಿಸಿ. ಹೊರಡುವಾಗ ಸ್ವಲ್ಪ ಕ್ರೀಮು ತುಂಬಿದ ಬ್ಯಾಗು, ಒಂದು ಪ್ಯಾಲೆಟ್ ಚಾಕು ಜೊತೆಗಿರಲಿ. ದಾರಿಯಲ್ಲಿ ಕೆಟ್ಟ ಅಂಚನ್ನು ಅಲ್ಲಿಯೇ ಐದು ನಿಮಿಷದಲ್ಲಿ ಸರಿಪಡಿಸಬಹುದು.